ಬೇಸಿಗೆಯಲ್ಲಿ ಪಿಕಪ್ ಕುಗ್ಗುತ್ತದೆಯೇ? ಎಂಜಿನ್ನಿಗೆ ತಂಪು ಗಾಳಿ ಕೊಡುವ ಬಗೆ

ಪ್ರಶ್ನೆ: ನನ್ನದು ಎಂಟು ವರ್ಷ ಹಳೆಯ 1.2 ಲೀಟರ್ ಪೆಟ್ರೋಲ್ ಕಾರು. ಏಪ್ರಿಲ್–ಮೇ ಬಂತೆಂದರೆ ಮಧ್ಯಾಹ್ನ ಪಿಕಪ್ಪೇ ಇರುವುದಿಲ್ಲ. ಸ್ಟೀಲ್ ಪೈಪಿನ ಜೊತೆ ಕೋನ್ ಫಿಲ್ಟರ್ ಹಾಕಿಸಿದರೆ ತಣ್ಣನೆಯ ಗಾಳಿ ಸಿಗುತ್ತದೆ ಎನ್ನುತ್ತಾರೆ ಅಂಗಡಿಯವರು. ಹಾಕಿಸಲೇ? ಮನೆಯಲ್ಲೇ ಮಾಡಿಕೊಳ್ಳುವಂಥದ್ದು ಏನಾದರೂ ಇದೆಯೇ?
– ಓದುಗರು, ಕಲಬುರಗಿ

ಉತ್ತರ: ಹಾಕಿಸಬೇಡಿ. ಬಾನೆಟ್ ಒಳಗೆ ತೆರೆದಿಟ್ಟ ಕೋನ್ ಫಿಲ್ಟರ್ ಎಳೆದುಕೊಳ್ಳುವುದು ರೇಡಿಯೇಟರ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರುವ ಲೋಹದ ಕೊಳವೆಗಳು) ಕಾಯಿಸಿಬಿಟ್ಟ ಗಾಳಿಯನ್ನೇ. ಸ್ಟೀಲ್ ಪೈಪೂ ಬೇಗ ಕಾಯುತ್ತದೆ. ಸದ್ದು ಜೋರಾಗುವುದರಿಂದ ಶಕ್ತಿ ಹೆಚ್ಚಿದಂತೆ ಅನ್ನಿಸುತ್ತದೆ, ಅಷ್ಟೆ. ಎಣ್ಣೆ ಸವರಿದ ಫಿಲ್ಟರ್ ಆದರೆ ಆ ಎಣ್ಣೆ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಮೆತ್ತಿಕೊಂಡು ಐಡಲಿಂಗ್ ಕೆಡುವುದೂ ಉಂಟು.

ಗಾಳಿ ಕಾದಷ್ಟೂ ತೆಳುವಾಗುತ್ತದೆ. ಹೊರಗೆ 42 ಡಿಗ್ರಿ ಇದ್ದಾಗ ಎಂಜಿನ್ 65 ಡಿಗ್ರಿಯ ಗಾಳಿ ಎಳೆದರೆ ಸಿಲಿಂಡರಿಗೆ ಸಿಗುವ ಆಮ್ಲಜನಕ ಸುಮಾರು ಶೇ 7ರಷ್ಟು ಕಡಿಮೆ. ಅದರ ಮೇಲೆ, ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು ಎಂಜಿನ್ ಕುಟ್ಟಿದಂತೆ ಸದ್ದಾಗುವುದು) ಆಗದಿರಲೆಂದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರಿಸುವ ಹೊತ್ತನ್ನು, ಹಿಂದಕ್ಕೆ ಸರಿಸುತ್ತದೆ; ಅದರಿಂದಲೂ ಶಕ್ತಿ ಕುಗ್ಗುತ್ತದೆ. ಎಸಿ ಕಂಪ್ರೆಸರಿನ ಭಾರವೂ ಸೇರಿಕೊಳ್ಳುತ್ತದೆ. ಹಾಗಾಗಿ ಮೊದಲು ಎಸಿ ಆರಿಸಿ ಒಂದು ಸುತ್ತು ಓಡಿಸಿ. ಪಿಕಪ್ ಪೂರ್ತಿ ಮರಳಿದರೆ ಗಾಳಿಯ ದಾರಿಯನ್ನು ಮುಟ್ಟುವ ಅಗತ್ಯವೇ ಇಲ್ಲ.

ಇಲ್ಲವಾದರೆ ಅಳೆದು ನೋಡಿ. ಒಬಿಡಿ ಸಾಕೆಟ್ಟಿಗೆ (ಮೆಕ್ಯಾನಿಕ್‌ಗಳು ಕಾರಿನ ದೋಷ ಓದಲು ಬಳಸುವ ಸಾಕೆಟ್) ಚುಚ್ಚುವ ಬ್ಲೂಟೂತ್ ಅಡಾಪ್ಟರ್ ಮತ್ತು ಫೋನಿನ ಒಂದು ಆ್ಯಪ್ ಇದ್ದರೆ ಒಳಹೋಗುವ ಗಾಳಿಯ ಉಷ್ಣಾಂಶ ನೇರವಾಗಿ ಕಾಣುತ್ತದೆ. 60–80 ಕಿ.ಮೀ. ವೇಗದಲ್ಲಿ ಹತ್ತು ನಿಮಿಷ ಓಡಿಸಿ ಬರೆದುಕೊಳ್ಳಿ. ಆಮೇಲೆ ನಿಲ್ಲಿಸಿ, ಐದು ನಿಮಿಷ ಐಡಲಿಂಗಿನಲ್ಲಿ ಬಿಟ್ಟು ಮತ್ತೆ ಬರೆದುಕೊಳ್ಳಿ. ಓಡುವಾಗ ಹೊರಗಿನದಕ್ಕಿಂತ ಹತ್ತು ಡಿಗ್ರಿಯೊಳಗೇ ಇದ್ದರೆ ಕಂಪನಿಯ ವ್ಯವಸ್ಥೆ ಚೆನ್ನಾಗಿದೆ ಎಂದೇ ಅರ್ಥ. ಟ್ರಾಫಿಕ್ಕಿನಲ್ಲಿ ನಿಂತಾಗ ಏರುವುದು ಎಲ್ಲ ಕಾರಿನಲ್ಲೂ ಇರುವಂಥದ್ದು.

ಹೆಚ್ಚಿದ್ದರೆ ಮೊದಲು ಏನು ಕಳಚಿದೆ ಎಂದು ಹುಡುಕಿ. ಏರ್ ಫಿಲ್ಟರ್ ಡಬ್ಬಿಯಿಂದ ಗ್ರಿಲ್ ಕಡೆಗೆ ಹೋಗುವ ಪ್ಲಾಸ್ಟಿಕ್ ಕೊಳವೆಯನ್ನು ಸರ್ವಿಸ್ ಮಾಡುವಾಗ ಬಿಚ್ಚಿ ಮತ್ತೆ ಸರಿಯಾಗಿ ಕೂರಿಸದೇ ಬಿಡುವುದು ಬಹಳ ಸಾಮಾನ್ಯ. ಡಬ್ಬಿಯ ಮುಚ್ಚಳದ ಕ್ಲಿಪ್ ಮುರಿದಿರಬಹುದು. ಇನ್ನೊಂದು ಜಾಗ ಹೆಚ್ಚಿನವರ ಕಣ್ಣಿಗೇ ಬೀಳುವುದಿಲ್ಲ: ರೇಡಿಯೇಟರಿನ ಮೇಲಂಚು ಮತ್ತು ಮುಂದಿನ ಪಟ್ಟಿಯ ನಡುವಿನ ಸಂದು. ಅಲ್ಲಿನ ಫೋಮ್ ಅಥವಾ ಪ್ಲಾಸ್ಟಿಕ್ ಮುಚ್ಚಿಗೆ, ಮುಖ್ಯವಾಗಿ ಬಂಪರ್ ರಿಪೇರಿಯಾದ ಕಾರುಗಳಲ್ಲಿ, ಕಾಣೆಯಾಗಿರುತ್ತದೆ. ಆಗ ಫ್ಯಾನ್ ಹಿಂದಕ್ಕೆ ತಳ್ಳಿದ ಬಿಸಿಗಾಳಿ ಅದೇ ಸಂದಿನಿಂದ ಮುಂದೆ ಬಂದು ಮತ್ತೆ ಒಳಹೋಗುತ್ತದೆ. ರಬ್ಬರ್ ಫೋಮ್ ಪಟ್ಟಿ ಅಂಟಿಸಿ ಈ ಸಂದು ಮುಚ್ಚಿದರೆ ಎಸಿಯೂ ಸುಧಾರಿಸುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ಕೊಳವೆಯ ಬಾಯಿಯೇ ಬಾನೆಟ್ ಒಳಗಿದ್ದರೆ ಮಾತ್ರ ಹೊಸ ಕೊಳವೆ ಬೇಕು. ನಿಮ್ಮ ಎಂಜಿನ್ನಿಗೆ 63 ಮಿ.ಮೀ. ಒಳವ್ಯಾಸದ, ಬಳುಕುವ ರಬ್ಬರ್ ಅಥವಾ ಸಿಲಿಕೋನ್ ಡಕ್ಟ್ ಸಾಕು. ಅರ್ಧ ಮೀಟರ್ ಡಕ್ಟ್, ಎರಡು ಹೋಸ್ ಕ್ಲ್ಯಾಂಪ್ ತನ್ನಿ. ಬಾಯಿ ಗ್ರಿಲ್ ಹಿಂದೆ, ಹೆಡ್‌ಲೈಟಿನ ಮಟ್ಟದಲ್ಲಿರಲಿ. ಮಡಚಿಕೊಂಡರೆ ಗಾಳಿ ಕಟ್ಟುತ್ತದೆ, ಆದ್ದರಿಂದ ತಿರುವು ದೊಡ್ಡದಿರಲಿ. ಬೆಲ್ಟ್, ಫ್ಯಾನ್, ಮ್ಯಾನಿಫೋಲ್ಡಿನಿಂದ ಕನಿಷ್ಠ 50 ಮಿ.ಮೀ. ದೂರವಿಟ್ಟು ಬಿಗಿಯಿರಿ. ತೀರಾ ತಗ್ಗಿದ ಜಾಗದಲ್ಲಿ 5 ಮಿ.ಮೀ. ತೂತು ಮಾಡಿದರೆ ಸಿಡಿದುಬಂದ ಮಳೆನೀರು ಇಳಿದುಹೋಗುತ್ತದೆ. ಇದೆಲ್ಲ ಫಿಲ್ಟರಿಗಿಂತ ಮುಂಚಿನ ಭಾಗದಲ್ಲಿ ಮಾತ್ರ. ಫಿಲ್ಟರಿನ ನಂತರದ ಪೈಪಿಗೆ ತೂತು ಮಾಡಿದರೆ ಧೂಳು ಸೀದಾ ಸಿಲಿಂಡರಿಗೆ ಹೋಗುತ್ತದೆ.

ಡಬ್ಬಿ ಮ್ಯಾನಿಫೋಲ್ಡಿನ ಪಕ್ಕದಲ್ಲೇ ಇದ್ದರೆ ನಡುವೆ 1 ಮಿ.ಮೀ. ಅಲ್ಯೂಮಿನಿಯಂ ತಗಡಿನ ತಡೆ ನಿಲ್ಲಿಸಿ. ಎರಡೂ ಬದಿ 15–20 ಮಿ.ಮೀ. ಸಂದು ಬಿಡಿ, ಡಬ್ಬಿಗೇ ಒತ್ತಿಕೊಂಡರೆ ತಗಡು ತನ್ನ ಶಾಖವನ್ನು ಅದಕ್ಕೇ ದಾಟಿಸುತ್ತದೆ. ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿ, ಇಲ್ಲವಾದರೆ ಅದುರಿ ಅದುರಿ ವೈರನ್ನು ಕುಯ್ಯುತ್ತದೆ. ಮ್ಯಾನಿಫೋಲ್ಡಿಗೆ ಶಾಖ ತಡೆಯುವ ಬಟ್ಟೆ ಸುತ್ತಲು ಮಾತ್ರ ಹೋಗಬೇಡಿ. ಅದು ತೇವ ಹಿಡಿದು ತುಕ್ಕು ತರುತ್ತದೆ. ಆಯಿಲ್ ತೊಟ್ಟಿಕ್ಕಿದರೆ ಬೆಂಕಿಯ ಭಯ.

ಕೆಲಸ ಮುಗಿದ ಮೇಲೆ ಅದೇ ರಸ್ತೆ, ಅದೇ ಹೊತ್ತು, ಅದೇ ವೇಗದಲ್ಲಿ ಮತ್ತೆ ಅಳೆಯಿರಿ. ಓವರ್‌ಟೇಕ್ ಮಾಡುವಾಗ, ಏರು ಹತ್ತುವಾಗ ವ್ಯತ್ಯಾಸ ತಿಳಿದೀತು. ಮೈಲೇಜ್ ಏರುತ್ತದೆಂಬ ಆಸೆ ಬೇಡ. ನಿಧಾನವಾಗಿ ಓಡಿಸುವಾಗ ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಕವಾಟ) ಅರ್ಧ ಮುಚ್ಚಿಯೇ ಇರುತ್ತದೆ, ತಂಪು ಗಾಳಿ ಸಿಕ್ಕರೆ ಇನ್ನಷ್ಟು ಮುಚ್ಚಿಕೊಳ್ಳುತ್ತದೆ.

ಪ್ರಶ್ನೆ: ಡಕ್ಟನ್ನು ಬಂಪರಿನ ಕೆಳಭಾಗಕ್ಕೆ ಇಳಿಸಿದರೆ ಇನ್ನೂ ತಂಪು ಗಾಳಿ ಸಿಗುತ್ತದಲ್ಲವೇ?
– ಓದುಗರು, ಉಡುಪಿ

ಉತ್ತರ: ಸಿಗುವುದು ಒಂದೆರಡು ಡಿಗ್ರಿ, ಅದಕ್ಕಾಗಿ ಎಂಜಿನ್ನನ್ನೇ ಪಣಕ್ಕಿಡಬೇಡಿ. ನಾಲ್ಕು ಸಿಲಿಂಡರಿನ 1.2 ಲೀಟರ್ ಎಂಜಿನ್ನಿನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಪ್ರತಿ ಸಿಲಿಂಡರಿನಲ್ಲಿ ಉಳಿಯುವ ಜಾಗ ಸುಮಾರು 30 ಮಿ.ಲೀ. ತಗ್ಗಿದ ಡಕ್ಟ್ ಎಳೆದುಕೊಂಡ ನೀರು ಅದಕ್ಕಿಂತ ಹೆಚ್ಚು ಸೇರಿದರೆ ಕುಗ್ಗಲು ಎಡೆಯಿಲ್ಲದೆ, ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಿ ಒಂದು ನೀರು ನಿಂತ ರಸ್ತೆ ಸಾಕು ಇದಕ್ಕೆ. ನೀರಿನಲ್ಲಿ ಕಾರು ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ತಳ್ಳಿ ಆಚೆ ತಂದು, ಏರ್ ಫಿಲ್ಟರ್ ಒದ್ದೆಯಾಗಿದೆಯೇ ನೋಡಿ. ಒದ್ದೆಯಿದ್ದರೆ ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನೀರು ಹೊರಹಾಕಿದ ಮೇಲೆಯೇ ಕೀ ತಿರುಗಿಸಿ.