ಕುಂಬಾರಿಕೆ ವಿಡಿಯೊಗೆ ದುಡ್ಡು ಕೊಡಬೇಕಾ?

ಪ್ರಶ್ನೆ: ಕುಂಬಾರಿಕೆ ಕಲಿಯಬೇಕು ಅಂತ ಬಹಳ ದಿನದ ಆಸೆ. ಹತ್ತಿರದಲ್ಲಿ ಕಲಿಸುವವರು ಯಾರೂ ಇಲ್ಲ. ಆನ್‌ಲೈನ್ ಕೋರ್ಸ್‌ಗಳ ಬೆಲೆ ನೋಡಿದರೆ ಕೈ ಹಿಂದೆ ಬರುತ್ತದೆ. ಯೂಟ್ಯೂಬ್‌ನಲ್ಲಿ ಹುಡುಕಿದರೆ ರಾಶಿ ರಾಶಿ ವಿಡಿಯೊ, ಯಾವುದರಿಂದ ಶುರು ಮಾಡಬೇಕೋ ಗೊತ್ತಾಗುವುದಿಲ್ಲ. ಕಡಿಮೆ ಖರ್ಚಿನಲ್ಲಿ ಒಳ್ಳೆಯ ಪಾಠ ಸಿಗುತ್ತದಾ?

ಉತ್ತರ: ಸಿಗುತ್ತದೆ, ಅದೂ ಪುಕ್ಕಟೆಯಾಗಿ. ಮೊದಲ ಕೆಲವು ತಿಂಗಳು ವಿಡಿಯೊಗೆ ಬಿಡಿಗಾಸೂ ಕೊಡಬೇಡಿ, ಆ ದುಡ್ಡಿಗೆ ಇನ್ನೊಂದಷ್ಟು ಮಣ್ಣು ತನ್ನಿ.

ತೊಂದರೆ ಇರುವುದು ಬೆಲೆಯಲ್ಲಲ್ಲ, ಆಯ್ಕೆಯಲ್ಲಿ. ಹುಡುಕಿದ ಕೂಡಲೇ ಮೇಲೆ ಬಂದು ಕೂರುವುದು ಸಂಗೀತ ಹಾಕಿದ, ವೇಗ ಹೆಚ್ಚಿಸಿದ ವಿಡಿಯೊಗಳು. ಮಣ್ಣಿನ ಉಂಡೆ ಅರ್ಧ ನಿಮಿಷದಲ್ಲಿ ಹೂದಾನಿಯಾಗಿ ಎದ್ದು ನಿಲ್ಲುತ್ತದೆ. ನೋಡೋಕೆ ಚೆಂದ, ನಾನೂ ನೋಡುತ್ತೇನೆ. ಆದರೆ ಅದರಿಂದ ಯಾರೂ ಮಡಕೆ ಮಾಡುವುದನ್ನು ಕಲಿತಿಲ್ಲ. ನಿಮಗೆ ಬೇಕಾದ್ದು ಕತ್ತರಿ ಹಾಕದೆ, ಇದ್ದ ವೇಗದಲ್ಲೇ ತೋರಿಸುವ, ಸ್ವಲ್ಪ ಬೋರ್ ಅನ್ನಿಸುವ ವಿಡಿಯೊ.

ಪರೀಕ್ಷೆ ಮಾಡೋಕೆ ಒಂದು ಸುಲಭ ದಾರಿ ಇದೆ. ಆ ಚಾನೆಲ್‌ನಲ್ಲಿ ಸೆಂಟರಿಂಗ್ ಹೇಗೆ ಹೇಳಿಕೊಡುತ್ತಾರೆ ನೋಡಿ. ಅಂದರೆ ತಿರುಗುವ ತಿಗರಿಯ ಮೇಲೆ ಉಂಡೆ ಓಲಾಡದೆ ನಡುವಿಗೆ ನಿಲ್ಲುವ ಹಾಗೆ ಮಾಡುವುದು. ಹೊಸಬರೆಲ್ಲ ವಾರಗಟ್ಟಲೆ ಒದ್ದಾಡುವುದು ಇಲ್ಲೇ. 'ಹೀಗೆ ಒತ್ತಿ, ಆಯ್ತು' ಅಂತ ಮುಂದೆ ಹೋದರೆ ಆ ಮೇಷ್ಟ್ರನ್ನು ಬಿಟ್ಟುಬಿಡಿ. ಒಳ್ಳೆಯವರು ಮೊಣಕೈಯನ್ನು ತೊಡೆಗೋ ಸೊಂಟಕ್ಕೋ ಹೇಗೆ ಆನಿಸಬೇಕು, ಯಾವ ಕೈ ಪಕ್ಕದಿಂದ ತಳ್ಳುತ್ತದೆ, ಯಾವುದು ಮೇಲಿನಿಂದ ಅದುಮುತ್ತದೆ, ನೀರು ಯಾವಾಗ ಮುಟ್ಟಬೇಕು, ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಮುಖ್ಯವಾಗಿ, ಕೈಯನ್ನು ಮಣ್ಣಿನಿಂದ ನಿಧಾನಕ್ಕೆ ಬಿಡಿಸಿಕೊಳ್ಳಬೇಕು ಅಂತ ಹೇಳುತ್ತಾರೆ. ಫಕ್ಕನೆ ತೆಗೆದರೆ ಅಷ್ಟು ಹೊತ್ತು ಒತ್ತಿ ನಿಲ್ಲಿಸಿದ ಉಂಡೆ ಮತ್ತೆ ಓಲಾಡೋಕೆ ಶುರು.

ಇನ್ನೊಂದು ಗುರುತು: ಮಾಡಿದ ಬಟ್ಟಲನ್ನು ತಂತಿಯಿಂದ ಅಲ್ಲೇ ಎರಡು ಸೀಳು ಮಾಡಿ ತೋರಿಸುವವರು. ಗೋಡೆ ಬುಡದಲ್ಲಿ ಎಷ್ಟು ದಪ್ಪ, ಅಂಚಿನಲ್ಲಿ ಎಷ್ಟು ತೆಳು ಅನ್ನೋದು ಹೊರಗಿನಿಂದ ಕಾಣುವುದಿಲ್ಲ, ಅಲ್ವಾ? ಸೀಳಿದಾಗ ಗೊತ್ತಾಗುತ್ತದೆ. ನೀವೂ ಮೊದಮೊದಲು ಮಾಡಿದ್ದನ್ನೆಲ್ಲ ಹಾಗೆ ಸೀಳಿ ನೋಡಿ, ನೋಡಿದ ಮೇಲೆ ಅದೇ ಮಣ್ಣನ್ನು ನಾದಿ ಮತ್ತೆ ಉಂಡೆ ಮಾಡಿ. ಸುಡದ ಮಣ್ಣು ಎಷ್ಟು ಸಲ ಬೇಕಾದರೂ ವಾಪಸ್ ಬರುತ್ತದೆ. ಮೊದಲ ಬಟ್ಟಲನ್ನೇ ಶೋಕೇಸ್‌ಗೆ ಇಡುವ ಆಸೆ ಬೇಡ.

ಹೆಸರು ಬೇಕು ಅಂದರೆ ಶಿನ್-ಚುವೆನ್ ಲಿನ್ ಅವರ ಚಾನೆಲ್‌ನಿಂದ ಶುರು ಮಾಡಿ. ನೂರಾರು ವಿಡಿಯೊ ಇವೆ, ಎಲ್ಲ ಉಚಿತ, ಸಂಖ್ಯೆ ಹಾಕಿರುವುದರಿಂದ ಎಲ್ಲಿಗೆ ಬಂದಿರಿ ಅಂತ ಗುರುತಿಟ್ಟುಕೊಳ್ಳುವುದೂ ಸುಲಭ. ಸೈಮನ್ ಲೀಚ್ ಅವರದ್ದು ಇನ್ನೊಂದು ಧಾಟಿ. 1920ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕುಂಬಾರಶಾಲೆ ಕಟ್ಟಿದ ಬರ್ನಾರ್ಡ್ ಲೀಚ್ ಅವರ ಮೊಮ್ಮಗ ಇವರು. ಎದುರಿಗೆ ಕೂರಿಸಿಕೊಂಡು ಹರಟುವ ಹಾಗೆ ಹೇಳಿಕೊಡುತ್ತಾರೆ, ವಿಷಯ ಬಿಟ್ಟು ಅಲ್ಲಿ ಇಲ್ಲಿ ಅಲೆಯುವುದೂ ಉಂಟು. ಇಬ್ಬರಲ್ಲಿ ಒಬ್ಬರನ್ನು ಹಿಡಿದುಕೊಳ್ಳಿ, ಆರಂಭದಲ್ಲಿ ಇಬ್ಬರೂ ಬೇಡ. ಒಬ್ಬೊಬ್ಬರು ಕೈ ಇಡುವ ರೀತಿ ಬೇರೆ, ನಾಲ್ಕು ಜನರದ್ದು ಬೆರೆಸಿದರೆ ನಿಮ್ಮ ಕೈಗೆ ಯಾವುದೂ ಹತ್ತುವುದಿಲ್ಲ. ತಿಗರಿ ಯಾವ ಕಡೆ ತಿರುಗುತ್ತಿದೆ ಅಂತಲೂ ನೋಡಿಕೊಳ್ಳಿ. ಪಶ್ಚಿಮದವರ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ, ಜಪಾನಿನ ಸಂಪ್ರದಾಯದಲ್ಲಿ ಮುಳ್ಳಿನ ದಿಕ್ಕಿಗೇ. ದಿಕ್ಕು ಬದಲಾದರೆ ಎಡಗೈ ಬಲಗೈ ಕೆಲಸ ಅದಲುಬದಲು.

ನೋಡುವಾಗ ಒಂದು ಉಪಾಯ. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ವಿಡಿಯೊ ನಿಲ್ಲಿಸಿ ಫುಲ್‌ಸ್ಟಾಪ್ ಕೀ ಒತ್ತಿದರೆ ಚಿತ್ರ ಒಂದೊಂದೇ ಮುಂದಕ್ಕೆ ಹೋಗುತ್ತದೆ, ಕಾಮಾ ಕೀ ಒತ್ತಿದರೆ ಹಿಂದಕ್ಕೆ. ಗೋಡೆ ಎತ್ತುವಾಗ ಒಳಗಿನ ಬೆರಳು ಹೊರಗಿನ ಬೆರಳಿಗಿಂತ ಎಷ್ಟು ಮೇಲಿದೆ ಅನ್ನೋದನ್ನು ಹೀಗೆ ನೋಡಿದರೆ ಮಾತ್ರ ಕಣ್ಣಿಗೆ ಸಿಗುತ್ತದೆ.

ಕೆಲಸ ಶುರುವಾದ ಮೇಲೆ 'ಕುಂಬಾರಿಕೆ ಪಾಠ' ಅಂತ ಹುಡುಕುವುದನ್ನು ಬಿಟ್ಟು, ನಿಮ್ಮ ಮಡಕೆಗೆ ಏನಾಯಿತೋ ಅದನ್ನೇ ಹುಡುಕಿ. ಉದಾಹರಣೆಗೆ ಒಣಗಿದಾಗಲೋ ಸುಟ್ಟಾಗಲೋ ತಳದಲ್ಲಿ ಇಂಗ್ಲಿಷಿನ ಎಸ್ ಆಕಾರದ ಬಿರುಕು ಬರುತ್ತದೆ. ತಳವನ್ನು ಸರಿಯಾಗಿ ಅದುಮಿರುವುದಿಲ್ಲ, ಒಳಗೆ ನಿಂತ ನೀರನ್ನು ಸ್ಪಂಜಿನಿಂದ ಹೀರಿರುವುದಿಲ್ಲ, ಅಂಚು ಬೇಗ ಒಣಗಿ ತಳ ಹಸಿಯಾಗೇ ಉಳಿದಿರುತ್ತದೆ. 'ಎಸ್ ಕ್ರ್ಯಾಕ್' ಅಂತ ಹಾಕಿದರೆ ಇದನ್ನೇ ತೋರಿಸುವ ಚಿಕ್ಕ ಚಿಕ್ಕ ವಿಡಿಯೊಗಳು ಸಿಗುತ್ತವೆ.

ದುಡ್ಡು ಕೊಡುವ ಕಾಲ ಬರುವುದು ಗ್ಲೇಝ್ (ಮಡಕೆಗೆ ಹಚ್ಚಿ ಸುಡುವ ಗಾಜಿನಂಥ ಲೇಪ) ಮತ್ತು ಸುಡುವಿಕೆಗೆ ಇಳಿದಾಗ. ಅಲ್ಲಿ ಅರೆಬರೆ ಮಾಹಿತಿ ನಂಬಿದರೆ ಮಾಲೆಲ್ಲ ಹಾಳು. ಸೆರಾಮಿಕ್ ಆರ್ಟ್ಸ್ ನೆಟ್‌ವರ್ಕ್‌ನವರ ಕ್ಲೇಫ್ಲಿಕ್ಸ್‌ನಂಥ ಚಂದಾ ಸೇವೆಗಳಿವೆ. ಪ್ರಶ್ನೆಗಳನ್ನು ಮೊದಲೇ ಪಟ್ಟಿ ಮಾಡಿಕೊಂಡು ಚಂದಾ ಕಟ್ಟಿ, ಬೇಕಾದ್ದೆಲ್ಲ ನೋಡಿ ಮುಗಿಸಿ, ರದ್ದು ಮಾಡಿ. ರದ್ದು ಮಾಡೋದು ಮರೆತರೆ ಆ ಚಂದಾ ಸುಮ್ನೆ ದುಬಾರಿಯಾಯಿತು. ಆನ್‌ಲೈನ್ ಕೋರ್ಸ್ ಮಾರುವ ಉಡೆಮಿಯಲ್ಲಿ ಪೂರ್ತಿ ಬೆಲೆ ಯಾವತ್ತೂ ಕೊಡಬೇಡಿ, ಅಲ್ಲಿ ರಿಯಾಯಿತಿ ಮೇಲಿಂದ ಮೇಲೆ ಬರುತ್ತಿರುತ್ತದೆ. ಕೊಳ್ಳುವ ಮೊದಲು ಉಚಿತ ಮಾದರಿ ಪಾಠ ನೋಡಿ. ಕ್ಯಾಮೆರಾ ಕೈಯನ್ನು ಬಿಟ್ಟು ಮೇಷ್ಟ್ರ ಮುಖವನ್ನೇ ತೋರಿಸುತ್ತಿದ್ದರೆ ಅದು ಬೇಡ.

ಪ್ರಶ್ನೆ: ನನ್ನ ಹತ್ತಿರ ತಿಗರಿ ಇಲ್ಲ. ವಿಡಿಯೊ ನೋಡಿ ಏನು ಪ್ರಯೋಜನ?

ಉತ್ತರ: ಕೈಯಲ್ಲೇ ಮಾಡಿ! ಚಿವುಟಿ ಮಾಡುವ ಬಟ್ಟಲು, ಮಣ್ಣಿನ ಹುರಿ ಸುತ್ತಿ ಏರಿಸುವ ಪಾತ್ರೆ, ಹಾಳೆ ಲಟ್ಟಿಸಿ ಜೋಡಿಸುವ ಡಬ್ಬ, ಈ ಮೂರಕ್ಕೂ ತಿಗರಿ ಬೇಡ. ವಿಡಿಯೊದಿಂದ ಕಲಿಯೋಕೆ ಇದೇ ಜಾಸ್ತಿ ಸುಲಭ, ಯಾಕೆಂದರೆ ಮಣ್ಣು ನಿಮಗಾಗಿ ಕಾಯುತ್ತದೆ. ಜೋಡಿಸುವ ಎರಡೂ ಕಡೆ ಸೂಜಿಯಿಂದ ಗೀರು ಹಾಕಿ, ನೀರಲ್ಲಿ ಕಲಸಿದ ಅದೇ ಮಣ್ಣಿನ ರಾಡಿ ಹಚ್ಚಿ, ಒತ್ತಿ ಅಲುಗಿಸಿ ಕೂರಿಸಿ. ಬರೀ ನೀರು ಸವರಿ ಅಂಟಿಸಿದರೆ ಒಣಗುವಾಗ ಬಿಟ್ಟುಕೊಳ್ಳುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಸಿ ನಿಧಾನಕ್ಕೆ ಒಣಗಿಸಿ. ಒಂದು ಎಚ್ಚರಿಕೆ: ಒಣಗಿ ಬಿದ್ದ ಮಣ್ಣನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಪ್ರಶ್ನೆ: ಅಡುಗೆಮನೆಯ ಓವನ್‌ನಲ್ಲೇ ಸುಡಬಹುದು ಅಂತ ಒಂದು ವಿಡಿಯೊದಲ್ಲಿ ಹೇಳಿದರು. ನಿಜವಾ?

ಉತ್ತರ: ಜೇಡಿಮಣ್ಣಿಗೆ ಆಗುವುದಿಲ್ಲ. ಆ ವಿಡಿಯೊದಲ್ಲಿದ್ದದ್ದು ಬಹುಶಃ ಓವನ್‌ನಲ್ಲಿ ಗಟ್ಟಿಯಾಗುವ ಪಾಲಿಮರ್ ಕ್ಲೇ. ಅದು ಬೇರೆಯೇ ವಸ್ತು. ಮನೆಯ ಓವನ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲುತ್ತದೆ. ಮಣ್ಣಿನೊಳಗೆ ರಾಸಾಯನಿಕವಾಗಿ ಕಟ್ಟಿಕೊಂಡಿರುವ ನೀರು ಪೂರ್ತಿ ಹೋಗೋಕೇ 600ರ ಹತ್ತಿರ ಬೇಕು, ಮೊದಲ ಸುಡುವಿಕೆಯನ್ನು ಸಾಮಾನ್ಯವಾಗಿ 1000 ಡಿಗ್ರಿ ಆಸುಪಾಸಿನಲ್ಲಿ ಮಾಡುತ್ತಾರೆ. ಓವನ್‌ನಿಂದ ತೆಗೆದ ಬಟ್ಟಲು ಗಟ್ಟಿ ಅನ್ನಿಸಬಹುದು, ನೀರಲ್ಲಿ ಇಟ್ಟರೆ ಮತ್ತೆ ಮಣ್ಣೇ. ಇನ್ನೂ ಹಸಿ ಇದ್ದಾಗಲೇ ಕಾಯಿಸಿದರೆ ಒಳಗಿನ ನೀರು ಆವಿಯಾಗಿ ಸಿಡಿಯಲೂಬಹುದು.

ಬೇರೆಯವರ ಆವಿಗೆಯಲ್ಲಿ ಜಾಗ ಕೇಳಿ ಸುಡಿಸಿಕೊಳ್ಳುವುದೇ ಅಗ್ಗದ ದಾರಿ. ಹೋಗುವಾಗ ಮಣ್ಣಿನ ಪೊಟ್ಟಣದ ಮೇಲೆ ಬರೆದಿರುವ ಸುಡುವ ಉಷ್ಣಾಂಶವನ್ನು ಅವರಿಗೆ ಹೇಳಿ. ಕಡಿಮೆ ಉರಿಯ ಮಣ್ಣನ್ನು 1250 ಡಿಗ್ರಿಯ ಆವಿಗೆಗೆ ಹಾಕಿದರೆ ಅದು ಕುಸಿದು ಕರಗಿ, ಒಳಗೆ ಮಡಕೆ ಇಡುವ ಅವರ ಹಲಗೆಗೆ ಅಂಟಿಕೊಳ್ಳಬಹುದು. ಆಮೇಲೆ ನಿಮಗೆ ಅಲ್ಲಿ ಜಾಗ ಸಿಗುವುದಿಲ್ಲ.