ಬೋಟು ದಕ್ಕೆಯಲ್ಲಿ, ಮಾಲೀಕರು ಮನೆಯಲ್ಲಿ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಇದು 2020ರ ಏಪ್ರಿಲ್‌ನ ಪ್ರಶ್ನೋತ್ತರ. ಕೋವಿಡ್ ತಡೆಗೆಂದು ಮಾರ್ಚ್ 25ರಂದು ಶುರುವಾದ ಲಾಕ್‌ಡೌನ್ ಆಗ ಮೇ 3ರವರೆಗೆ ಮುಂದುವರಿದಿತ್ತು. ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರದ ಬಂದರುಗಳ ದಕ್ಕೆಗಳಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಗಳಲ್ಲಿ, ಮೀನುಗಾರಿಕೆ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಕರಾವಳಿಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದನ್ನೇ: ಬೋಟು ಹೇಗಿದೆಯೋ, ನೋಡಿ ಬರುವುದು ಹೇಗೆ? ಬೋಟ್ ಎಂಜಿನ್ ರಿಪೇರಿ ಮತ್ತು ದೋಣಿ ಕಟ್ಟುವ ಕೆಲಸದಲ್ಲಿ ನುರಿತವರು ಈ ಬಾರಿ ಉತ್ತರಿಸಿದ್ದಾರೆ.

ನಮ್ಮದು ಮಲ್ಪೆಯಲ್ಲಿ ಕಟ್ಟಿರುವ ಮರದ ಟ್ರಾಲ್ ಬೋಟು (ಬಲೆ ಎಳೆದು ಮೀನು ಹಿಡಿಯುವುದು). ಒಂದು ಸಲ ಹೋಗಿ ಬರಲು ಅವಕಾಶ ಸಿಗಬಹುದು. ಸಿಕ್ಕ ಒಂದೆರಡು ಗಂಟೆಯಲ್ಲಿ ಏನೇನು ನೋಡಬೇಕು?
— ಓದುಗರು, ಉಡುಪಿ

ಮೊದಲು ಹೋಗುವ ದಾರಿ. ಕೇಂದ್ರ ಗೃಹ ಸಚಿವಾಲಯ 2020ರ ಏಪ್ರಿಲ್ 10ರಂದು ಹೊರಡಿಸಿದ ಆದೇಶದಲ್ಲಿ ಸಮುದ್ರ ಮೀನುಗಾರಿಕೆಗೆ ಲಾಕ್‌ಡೌನ್‌ನಿಂದ ವಿನಾಯಿತಿ ಇತ್ತು, ಅದರಲ್ಲಿ ನಿರ್ವಹಣೆಯ ಕೆಲಸವೂ ಸೇರಿತ್ತು. ಆದರೆ ಗೇಟಿನಲ್ಲಿ ನಿಂತ ಪೊಲೀಸರು ನೋಡುತ್ತಿದ್ದುದು ಜಿಲ್ಲಾಡಳಿತದ ಆದೇಶವನ್ನು. ಮೀನುಗಾರಿಕೆ ಇಲಾಖೆಯ ಬಂದರು ಕಚೇರಿಗೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಬೋಟಿನ ನೋಂದಣಿ ಪತ್ರ, ಮೀನುಗಾರಿಕೆ ಪರವಾನಗಿ, ನಿಮ್ಮ ಗುರುತಿನ ಚೀಟಿ ಜೊತೆಗಿರಲಿ. ಇಬ್ಬರು ಸಾಕು. ಐದಾರು ಜನ ಹೋದರೆ ಅದು ತಪಾಸಣೆ ಅನ್ನಿಸುವುದಿಲ್ಲ, ಪೊಲೀಸರಿಗೂ ಅನ್ನಿಸುವುದಿಲ್ಲ.

ಬೋಟು ಹತ್ತಿದವರ ಕೈ ಮೊದಲು ಹೋಗುವುದು ಸ್ಟಾರ್ಟರ್ ಕೀಗೆ. ಅದನ್ನು ಕೊನೆಗಿಡಿ. ಕಟ್ಟಿಟ್ಟ ಬೋಟು ಎಂಜಿನ್ ಕೆಟ್ಟು ಮುಳುಗುವುದಿಲ್ಲ, ನೀರು ಒಳಬಂದು ಮುಳುಗುತ್ತದೆ. ಸಿಕ್ಕ ಸಮಯದ ಮುಕ್ಕಾಲು ಭಾಗ ನೀರಿಗೆ, ಹಗ್ಗಕ್ಕೆ, ಬ್ಯಾಟರಿಗೆ ಹೋಗಲಿ.

ಎಂಜಿನ್ ರೂಮಿನ ಹಲಗೆ ಎತ್ತಿ ಬಿಲ್ಜ್‌ನಲ್ಲಿ (ಬೋಟಿನ ತಳದಲ್ಲಿ ನೀರು ನಿಲ್ಲುವ ಜಾಗ) ಎಷ್ಟು ನೀರಿದೆ ನೋಡಿ, ಗುರುತು ಹಾಕಿ, ಆಮೇಲೆ ಪೂರ್ತಿ ಖಾಲಿ ಮಾಡಿ. ಮೊದಲೇ ಪಂಪ್ ಹಾಕಿಬಿಟ್ಟರೆ ಎಷ್ಟು ದಿನಕ್ಕೆ ಎಷ್ಟು ಬಂತೆಂಬ ಲೆಕ್ಕ ಸಿಗುವುದಿಲ್ಲ. ಖಾಲಿಯಾದ ಮೇಲೆ ಟಾರ್ಚ್ ಹಿಡಿದು ಒಂದು ಗಂಟೆ ಕಾದರೆ ನೀರು ಎಲ್ಲಿಂದ ಜಿನುಗುತ್ತಿದೆ ಎಂಬುದು ಕಾಣುತ್ತದೆ.

ಹೆಚ್ಚಾಗಿ ಅದು ಸ್ಟರ್ನ್ ಟ್ಯೂಬಿನ ಗ್ಲ್ಯಾಂಡ್ ಆಗಿರುತ್ತದೆ, ಅಂದರೆ ಪ್ರೊಪೆಲ್ಲರಿನ ಶಾಫ್ಟ್ ಬೋಟಿನಿಂದ ಹೊರಹೋಗುವ ಕಡೆ ಪ್ಯಾಕಿಂಗ್ ತುಂಬಿ ನೀರು ತಡೆಯುವ ಜೋಡಣೆ. ಶಾಫ್ಟ್ ತಿರುಗುವಾಗ ಅಲ್ಲಿ ಹನಿ ಬೀಳಲೇಬೇಕು, ನಿಂತಾಗ ಬೀಳಬಾರದು. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ ನಾಲ್ಕು ಲೀಟರ್ ಮೇಲಾಗುತ್ತದೆ, ಮೂರು ವಾರಕ್ಕೆ 90 ಲೀಟರ್. ಬೋಟು ಮುಳುಗಿಸಲು ಅಷ್ಟು ಸಾಲದು, ಆದರೂ ನಿಲ್ಲಿಸುವುದೇ ಒಳ್ಳೆಯದು. ಗ್ಲ್ಯಾಂಡಿನ ಎರಡೂ ನಟ್‌ಗಳನ್ನು ಸಮವಾಗಿ, ಕಾಲು ಕಾಲು ಸುತ್ತು ಬಿಗಿಯಿರಿ. ಒಂದನ್ನೇ ಬಿಗಿದರೆ ಫ್ಲೇಂಜ್ ಓರೆಯಾಗಿ ಒಂದು ಕಡೆ ಶಾಫ್ಟ್ ಉಜ್ಜುತ್ತದೆ. ಬಿಗಿದದ್ದನ್ನು ಗೇರ್ ಲಿವರಿಗೆ ಚೀಟಿ ಕಟ್ಟಿ ಬರೆದಿಡಿ. ಮುಂದೆ ಸಡಿಲಿಸದೆ ಹೊರಟರೆ ಪ್ಯಾಕಿಂಗ್ ಸುಟ್ಟು ಶಾಫ್ಟಿಗೆ ಗೀರು ಬೀಳುತ್ತದೆ, ಆಮೇಲೆ ಎಷ್ಟು ಹೊಸ ಪ್ಯಾಕಿಂಗ್ ತುಂಬಿದರೂ ಸೋರುವುದು ನಿಲ್ಲುವುದಿಲ್ಲ.

ಇನ್ನು ಸೀ ಕಾಕ್‌ಗಳು, ಅಂದರೆ ಕಡಲ ನೀರು ಒಳಬರುವ ಪೈಪುಗಳ ವಾಲ್ವ್‌ಗಳು. ಕಟ್ಟಿಟ್ಟ ಬೋಟಿನಲ್ಲಿ ಇವೆಲ್ಲ ಬಂದ್ ಆಗಿರಬೇಕು. ನೀರುಮಟ್ಟಕ್ಕಿಂತ ಒಂದೂವರೆ ಅಡಿ ಕೆಳಗಿರುವ ಅರ್ಧ ಇಂಚಿನ ಪೈಪ್ ಕಳಚಿದರೆ ಗಂಟೆಗೆ ಸುಮಾರು 800 ಲೀಟರ್ ಒಳಬರುತ್ತದೆ, ರಾತ್ರಿ ಕಳೆಯುವುದರೊಳಗೆ ಎಂಜಿನ್ ನೀರಿನಲ್ಲಿ. ಹೋಸ್ ಪೈಪಿನ ಕ್ಲಿಪ್ ಹಿಡಿದು ಅಲುಗಾಡಿಸಿ. ತುಕ್ಕು ಹಿಡಿದ ಕ್ಲಿಪ್ ಕೆಳಭಾಗದಲ್ಲಿ ಮೊದಲು ತುಂಡಾಗುತ್ತದೆ, ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಇರುತ್ತದೆ.

ನೀರೇರಿದಾಗ ಬಿಲ್ಜ್ ಪಂಪನ್ನು ತಾನಾಗಿ ಚಾಲೂ ಮಾಡುವ ಫ್ಲೋಟ್ ಸ್ವಿಚ್ಚನ್ನು ಕೈಯಲ್ಲಿ ಎತ್ತಿ ನೋಡಿ, ಪಂಪ್ ಓಡಬೇಕು. ಎಣ್ಣೆ ಕೊಳೆ ಅಂಟಿ ಅದು ಸಿಕ್ಕಿಕೊಳ್ಳುವುದು ಸಾಮಾನ್ಯ. 12 ವೋಲ್ಟಿನ ಪಂಪ್ 4 ಆಂಪಿಯರ್ ಎಳೆದರೆ 150 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಶಕ್ತಿಯಲ್ಲಿ ಓಡುವುದು ಹದಿನೆಂಟು ಗಂಟೆ, ಅಷ್ಟೇ. ಪಂಪಿನ ವೈರ್ ಫ್ಯೂಸ್ ಸಹಿತ ನೇರ ಬ್ಯಾಟರಿಗಿರಲಿ. ವೈರ್‌ಲೆಸ್, ಜಿಪಿಎಸ್, ಎಕೋ ಸೌಂಡರ್ (ನೀರಿನ ಆಳ ಅಳೆಯುವ ಯಂತ್ರ), ಟೇಪ್ ರೆಕಾರ್ಡರ್ ಎಲ್ಲವನ್ನೂ ಮೇನ್ ಸ್ವಿಚ್‌ನಲ್ಲಿ ಕಳಚಿ. ಮೀಟರಿನಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಅರ್ಧ. ಅದಕ್ಕಿಂತ ಇಳಿದದ್ದನ್ನು ಹಾಗೇ ಬಿಟ್ಟರೆ ಪ್ಲೇಟಿಗೆ ಸಲ್ಫೇಟ್ ಕಟ್ಟುತ್ತದೆ. 24 ವೋಲ್ಟಿನ ಸೆಟ್ಟಿನಲ್ಲಿ ಎರಡು ಬ್ಯಾಟರಿಗಳನ್ನೂ ಬೇರೆ ಬೇರೆಯಾಗಿ ಅಳೆಯಿರಿ, ಒಂದು ಸತ್ತಿದ್ದರೂ ಒಟ್ಟು ಲೆಕ್ಕ ಕಣ್ಣು ತಪ್ಪಿಸುತ್ತದೆ.

ಹಗ್ಗಕ್ಕೆ ಬಂದರೆ, ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಇಳಿತದ ಅಂತರ ಹೆಚ್ಚು. ಸಡಿಲ ಬಿಡದೆ ಬಿಗಿಯಾಗಿ ಕಟ್ಟಿದ ಹಗ್ಗ ನೀರು ಏರಿಳಿದಾಗ ಬೋಟನ್ನು ಒಂದು ಕಡೆ ಜಗ್ಗುತ್ತದೆ. ಹೊರಸಾಲಿನ ಬೋಟಾದರೆ ಪಕ್ಕದ ಬೋಟಿಗಷ್ಟೇ ಕಟ್ಟಬೇಡಿ, ಮುಂದೊಂದು ಹಿಂದೊಂದು ಹಗ್ಗ ದಕ್ಕೆಯ ಬೊಲಾರ್ಡಿಗೇ (ಹಗ್ಗ ಕಟ್ಟುವ ಗೂಟ) ಹೋಗಲಿ. ಉಜ್ಜುವ ಜಾಗಕ್ಕೆ ಹಳೆಯ ಹೋಸ್ ಪೈಪಿನ ತುಂಡು ತೊಡಿಸಿ. ಬಿಸಿಲಿಗೆ ಬಣ್ಣಗೆಟ್ಟು ಮುಟ್ಟಿದರೆ ಪುಡಿ ಉದುರುವ ಪ್ಲಾಸ್ಟಿಕ್ ಹಗ್ಗವನ್ನು ಅಲ್ಲೇ ಬದಲಿಸಿ.

ಮರದ ಬೋಟಾದ್ದರಿಂದ ಇನ್ನೊಂದು ಮಾತು. ನೀರಿನ ಮೇಲಿರುವ ಹಲಗೆಗಳು ಈ ಬಿಸಿಲಿಗೆ ಒಣಗಿ ಸಂದು ಬಿಡುತ್ತವೆ. ನಿಂತಾಗ ಗೊತ್ತಾಗುವುದಿಲ್ಲ, ತುಂಬಿದ ಬೋಟು ಕೆಳಗಿಳಿದಾಗ ಅಲ್ಲಿಂದಲೇ ನೀರು ನುಗ್ಗುತ್ತದೆ. ಬಿಸಿಲು ಬೀಳುವ ಮಗ್ಗುಲಿಗೆ ಗೋಣಿ ಇಳಿಬಿಟ್ಟು, ಬೋಟಿನಲ್ಲಿ ಕಾವಲಿರುವವರಿಗೆ ಸಂಜೆ ಉಪ್ಪುನೀರು ಹೊಯ್ಯಲು ಹೇಳಿ. ನಲ್ಲಿ ನೀರು ಬೇಡ, ಸಿಹಿನೀರು ನಿಂತ ಮರ ಬೇಗ ಕೊಳೆಯುತ್ತದೆ.

ಬಂದರಿನ ಬಳಿಯೇ ಇರುವ ನಮ್ಮ ಹುಡುಗ ದಿನಾ ಬೆಳಿಗ್ಗೆ ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿ ಬರುತ್ತಾನೆ. ಇದು ಒಳ್ಳೆಯದೇ ಅಲ್ಲವೇ?
— ಓದುಗರು, ಮಂಗಳೂರು

ಅಲ್ಲ. ಹತ್ತು ನಿಮಿಷದ ಐಡಲ್‌ನಲ್ಲಿ (ಭಾರವಿಲ್ಲದ ನಿಧಾನ ಓಟ) ದೊಡ್ಡ ಡೀಸೆಲ್ ಎಂಜಿನ್ ಬಿಸಿಯಾಗುವುದೇ ಇಲ್ಲ. ಪೂರ್ತಿ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದುಕೊಂಡು ತಳದ ಆಯಿಲ್ ಸಂಪಿಗಿಳಿಯುತ್ತದೆ. ಉರಿದಾಗ ಹುಟ್ಟಿದ ಆವಿ ತಣ್ಣನೆಯ ಎಂಜಿನ್ನಿನೊಳಗೇ ನೀರಾಗಿ ನಿಲ್ಲುತ್ತದೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೆ, ಫಿಲ್ಲರ್ ಕ್ಯಾಪಿನ ಒಳಗೆ ಬೆಣ್ಣೆಯಂಥ ಪದರ ಕಂಡರೆ ಇದೇ ಕಾರಣ. ಸ್ಟಾರ್ಟರ್ ತಿಂದ ಕರೆಂಟನ್ನೂ ಐಡಲ್‌ನಲ್ಲಿ ಆಲ್ಟರ್ನೇಟರ್ ಸರಿಯಾಗಿ ತುಂಬಿಕೊಡುವುದಿಲ್ಲ.

ಹತ್ತು ಹದಿನೈದು ದಿನಕ್ಕೊಮ್ಮೆ ಸಾಕು, ಆದರೆ ಸರಿಯಾಗಿ ಓಡಿಸಿ. ಸಮಯ ಭರತದ್ದಿರಲಿ. ಇಳಿತದಲ್ಲಿ ಸೀ ಕಾಕ್ ತೆರೆದರೆ ಕೆಸರು, ಪ್ಲಾಸ್ಟಿಕ್ ಚೀಲ ಎಲ್ಲ ನೀರು ಸೋಸುವ ಸ್ಟ್ರೈನರಿಗೆ ಬರುತ್ತದೆ. ಆಯಿಲ್, ಕೂಲಂಟ್ ನೋಡಿ, ಸೀ ಕಾಕ್ ತೆರೆದು, ಚಾಲೂ ಆದ ತಕ್ಷಣ ಹೊರಗೆ ನೀರು ಬೀಳುತ್ತಿದೆಯೇ ನೋಡಿ. ಬೀಳದಿದ್ದರೆ ಆಗಲೇ ನಿಲ್ಲಿಸಿ, ನೀರಿಲ್ಲದೆ ತಿರುಗಿದ ಪಂಪಿನ ರಬ್ಬರ್ ಚಕ್ರ (ಇಂಪೆಲ್ಲರ್) ಒಂದೆರಡು ನಿಮಿಷದಲ್ಲಿ ಚೂರಾಗುತ್ತದೆ. 1000-1200 ಆರ್‌ಪಿಎಮ್‌ನಲ್ಲಿ ಕೂಲಂಟ್ 70-75 ಡಿಗ್ರಿಗೆ ಬರಲಿ, ಅಲ್ಲಿಂದ ಮತ್ತೆ ಇಪ್ಪತ್ತು ನಿಮಿಷ. ಗೇರ್ ಹಾಕುವುದಾದರೆ ಗ್ಲ್ಯಾಂಡ್ ಸಡಿಲಿಸಿ, ಪ್ರೊಪೆಲ್ಲರ್ ಸುತ್ತ ಹಗ್ಗ ಬಲೆ ಇಲ್ಲವೆಂದು ನೋಡಿ, ಪಕ್ಕದ ಬೋಟಿನವರಿಗೆ ಕೂಗಿ ಹೇಳಿ. ಒತ್ತೊತ್ತಾಗಿ ಕಟ್ಟಿದ ಸಾಲಿನಲ್ಲಿ ಗೇರ್ ಹಾಕದಿರುವುದೇ ಒಳ್ಳೆಯದು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವವರೆಗೆ ಕಡಲಿಗಿಳಿಯುವುದಿಲ್ಲ ಎಂದು ನಿರ್ಧರಿಸಿದ್ದರೆ ಈ ಚಾಲೂ ಮಾಡುವ ಉಸಾಬರಿಯೇ ಬೇಡ. ಎಂಜಿನ್ ಬಿಸಿ ಮಾಡಿ ಆಯಿಲ್ ಈಗಲೇ ಬದಲಿಸಿ. ಬಳಸಿದ ಆಯಿಲಿನಲ್ಲಿ ಆಮ್ಲ ಇರುತ್ತದೆ, ಅದು ತಿಂಗಳುಗಟ್ಟಲೆ ಬೇರಿಂಗಿನ ಮೇಲೆ ಕೂರಬಾರದು. ಉಪ್ಪುನೀರಿನ ಲೈನನ್ನು ಸಿಹಿನೀರಿನಲ್ಲಿ ತೊಳೆದು ಬರಿದು ಮಾಡಿ, ಎಕ್ಸಾಸ್ಟ್ ಬಾಯಿ ಮತ್ತು ಏರ್ ಕ್ಲೀನರ್ ಮುಚ್ಚಿ, ಮುಚ್ಚಿದ್ದೇವೆಂದು ಕೀ ಬಳಿ ಬರೆದಿಡಿ. ವಾರಕ್ಕೊಮ್ಮೆ ಸ್ಟಾಪ್ ಲಿವರ್ ಎಳೆದಿಟ್ಟು ಕ್ರ್ಯಾಂಕನ್ನು ಕೈಯಿಂದ ಒಂದೂಕಾಲು ಸುತ್ತು ತಿರುಗಿಸಿದರೆ ಪಿಸ್ಟನ್ ರಿಂಗುಗಳು ಅಂಟಿ ಹಿಡಿಯುವುದಿಲ್ಲ.

ಡೀಸೆಲ್ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ, ಖಾಲಿ ಜಾಗದ ಗಾಳಿಯ ತೇವ ರಾತ್ರಿ ನೀರಾಗಿ ಇಳಿಯುತ್ತದೆ. ಅಡಿಯ ಕಾಕ್‌ನಿಂದ ಒಂದು ಲೀಟರ್ ಪಾರದರ್ಶಕ ಬಾಟಲಿಗೆ ಹಿಡಿದು ಹತ್ತು ನಿಮಿಷ ಇಡಿ. ನೀರು ಕೆಳಗೆ ನಿಲ್ಲುತ್ತದೆ. ನಡುವೆ ಕಪ್ಪು ಲೋಳೆಯಿದ್ದರೆ ಡೀಸೆಲ್‌ನಲ್ಲಿ ಸೂಕ್ಷ್ಮಜೀವಿ ಬೆಳೆದಿದೆ, ಫಿಲ್ಟರ್ ಬದಲಿಸಿದರಷ್ಟೇ ಸಾಲದು, ಟ್ಯಾಂಕನ್ನೇ ತೊಳೆಯಬೇಕು.

ನಾಡದೋಣಿಯ ಸೀಮೆಎಣ್ಣೆ ಎಂಜಿನ್ ಬಿಚ್ಚಿ ಮನೆಗೆ ತಂದಿದ್ದೇವೆ. ಹೇಗಿಡಬೇಕು?
— ಓದುಗರು, ಉಪ್ಪುಂದ

ತಂದದ್ದು ಒಳ್ಳೆಯದಾಯಿತು. ಡ್ರಮ್ಮಿನಲ್ಲಿ ಸಿಹಿನೀರು ತುಂಬಿ, ನೀರೆಳೆಯುವ ಜಾಲರಿ ಪೂರ್ತಿ ಮುಳುಗುವಂತೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ. ಕೊನೆಯ ಐದು ನಿಮಿಷ ಪೆಟ್ರೋಲ್‌ಗೆ ಬದಲಿಸಿ, ಆಮೇಲೆ ಇಂಧನದ ಪೈಪ್ ಕಳಚಿ, ತಾನಾಗಿ ಆಫ್ ಆಗುವವರೆಗೆ ಬಿಡಿ. ಕಾರ್ಬುರೇಟರ್ ಬೌಲಿನ ಸ್ಕ್ರೂ ಬಿಚ್ಚಿ ಉಳಿದದ್ದನ್ನು ಹರಿಸಿ. ಅಲ್ಲಿ ಉಳಿದ ಸೀಮೆಎಣ್ಣೆ ಅಂಟಾಗಿ ಜೆಟ್ (ಇಂಧನ ಹಾಯುವ ಸಣ್ಣ ತೂತು) ಕಟ್ಟಿಕೊಳ್ಳುತ್ತದೆ. ಪ್ಲಗ್ ತೆಗೆದು ಸಿಲಿಂಡರಿಗೆ ಒಂದು ಚಮಚ ಟೂ ಸ್ಟ್ರೋಕ್ ಆಯಿಲ್ ಹಾಕಿ, ಸ್ಟಾರ್ಟ್ ಮಾಡುವ ಹಗ್ಗ ನಾಲ್ಕೈದು ಸಲ ನಿಧಾನ ಎಳೆದು ಪ್ಲಗ್ ಕೂರಿಸಿ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಸೀಲ್ ಹೋಗಿದೆ. ಎಂಜಿನ್ ನೆಟ್ಟಗೆ ಸ್ಟ್ಯಾಂಡಿನಲ್ಲಿರಲಿ. ಮಲಗಿಸಿದರೆ ಎಂಜಿನ್ನಿನ ಉದ್ದನೆಯ ಕೆಳಭಾಗದಲ್ಲಿ ಉಳಿದ ನೀರು ಸಿಲಿಂಡರಿಗೆ ಬರುತ್ತದೆ. ಎಣ್ಣೆಯ ಕ್ಯಾನ್ ಅಡುಗೆಮನೆಯ ಹತ್ತಿರ ಬೇಡ.

ನಾನಿರುವುದು ಮಂಜೇಶ್ವರ, ಬೋಟು ಮಂಗಳೂರಿನ ಹಳೆ ಬಂದರಿನಲ್ಲಿ. ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದ್ದಾರೆ. ಸಣ್ಣ ದೋಣಿಯಲ್ಲಿ ಹೋಗಿ ನೋಡಿಬರಬಹುದೇ?
— ಓದುಗರು, ಮಂಜೇಶ್ವರ

ಬೇಡ. ಲಾಕ್‌ಡೌನ್ ಕಾಲದಲ್ಲಿ ಗಡಿ ದಾಟುವ ನಿರ್ಬಂಧ ರಸ್ತೆಗೂ ಒಂದೇ, ಕಡಲಿಗೂ ಒಂದೇ. ಕರಾವಳಿ ಕಾವಲು ಪೊಲೀಸರ ಕೈಗೆ ಸಿಕ್ಕರೆ ಕೇಸು, ಕ್ವಾರಂಟೈನ್ ಎರಡೂ, ದೋಣಿಯೂ ಹೋಗುತ್ತದೆ. ಪಕ್ಕದ ಬೋಟಿನಲ್ಲಿ ಉಳಿದುಕೊಂಡ ತಾಂಡೇಲ (ಬೋಟು ನಡೆಸುವವ) ಅಥವಾ ಕಲಾಸಿಗೆ (ಬೋಟಿನ ಕೆಲಸಗಾರ) ಫೋನ್ ಮಾಡಿ. ಊರಿಗೆ ಹೋಗಲಾಗದ ಹೊರ ರಾಜ್ಯದವರು ಬೋಟುಗಳಲ್ಲೇ ಇದ್ದಾರೆ, ನಿಮ್ಮ ಬೋಟಿಗೂ ಅವರದೇ ಕಣ್ಣು. ದಿನಗೂಲಿ ಮಾತಾಡಿ, ಫೋನಿನಲ್ಲೇ ಹಣ ಕಳಿಸಿ. ‘ಎಲ್ಲ ಸರಿ ಇದೆ’ ಎಂಬ ಮಾತಿಗೆ ಬೆಲೆಯಿಲ್ಲ. ಬಿಲ್ಜ್ ಗುರುತು, ಬ್ಯಾಟರಿ ಮೀಟರ್, ನಾಲ್ಕು ಹಗ್ಗದ ಗಂಟು, ಇಷ್ಟರ ಫೋಟೊ ಎರಡು ದಿನಕ್ಕೊಮ್ಮೆ ಬರಲಿ, ಅದೂ ಒಂದೇ ಜಾಗದಿಂದ ತೆಗೆದದ್ದು.

ಬೋಟಿನ ವಿಮೆ ಇದೇ ತಿಂಗಳು ಮುಗಿಯುತ್ತದೆ. ಲಾಕ್‌ಡೌನ್ ಕಾರಣ ಕಂತು ಕಟ್ಟಲು ಮೇ 15ರವರೆಗೆ ಸಮಯ ಕೊಟ್ಟಿದ್ದಾರಂತೆ?
— ಓದುಗರು, ಭಟ್ಕಳ

2020ರ ಆ ರಿಯಾಯಿತಿ ಇದ್ದದ್ದು ವಾಹನಗಳ ಥರ್ಡ್ ಪಾರ್ಟಿ ವಿಮೆಗೆ ಮತ್ತು ಆರೋಗ್ಯ ವಿಮೆಗೆ. ಬೋಟಿನ ಒಡಲಿನ (ಹಲ್) ವಿಮೆ ಅದರಲ್ಲಿರಲಿಲ್ಲ. ಆನ್‌ಲೈನ್‌ನಲ್ಲೋ ಏಜೆಂಟರ ಮೂಲಕವೋ ಅವಧಿಗೆ ಮುಂಚೆ ಕಟ್ಟಿ. ಬೋಟು ಇಂಥ ಬಂದರಿನಲ್ಲಿ ನಿಂತಿದೆ ಎಂದು ಇ-ಮೇಲ್‌ನಲ್ಲಿ ತಿಳಿಸಿ. ಕೆಲವು ಪಾಲಿಸಿಗಳಲ್ಲಿ ನಿಂತ ಅವಧಿಗೆ ಪ್ರೀಮಿಯಂ ರಿಯಾಯಿತಿಯೂ ಇರುತ್ತದೆ, ಜೊತೆಗೆ ಕಾವಲಿನ ಷರತ್ತೂ ಇರಬಹುದು. ಓದಿ ನೋಡಿ.

ಬೋಟಿನೊಳಗೆಲ್ಲ ಸ್ಯಾನಿಟೈಸರ್, ಬ್ಲೀಚಿಂಗ್ ನೀರು ಸ್ಪ್ರೇ ಮಾಡಬಹುದೇ?
— ಓದುಗರು, ಗಂಗೊಳ್ಳಿ

ಎಂಜಿನ್ ರೂಮಿಗೂ ಗ್ಯಾಸ್ ಒಲೆಯ ಕ್ಯಾಬಿನ್ನಿಗೂ ಸ್ಯಾನಿಟೈಸರ್ ಒಯ್ಯಲೇಬೇಡಿ, ಅದು ಮುಕ್ಕಾಲು ಪಾಲು ಆಲ್ಕೋಹಾಲ್. ಕೈಗೆ ಸಾಬೂನು ಸಾಕು. ಡೆಕ್ಕು, ಕೈಹಿಡಿ, ಬಾಗಿಲಿಗೆ 1 ಶೇಕಡಾ ಹೈಪೋಕ್ಲೋರೈಟ್ ಆಗುತ್ತದೆ. 10 ಶೇಕಡಾ ದ್ರಾವಣ ಒಂದು ಪಾಲು, ನೀರು ಒಂಬತ್ತು ಪಾಲು, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಬ್ಯಾಟರಿ, ವೈರಿಂಗ್, ಅಲ್ಯೂಮಿನಿಯಂಗೆ ಅದು ತಾಗಿದರೆ ತಿಂದುಹಾಕುತ್ತದೆ. ವೈರ್‌ಲೆಸ್ ಮೈಕನ್ನು ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ.

ಮೀನು ತುಂಬುವ ಸ್ಟೋರೇಜ್ ಮುಚ್ಚಿ ತಿಂಗಳಾಗುತ್ತ ಬಂತು. ತೊಳೆಯಲು ಯಾರನ್ನು ಇಳಿಸಲಿ?
— ಓದುಗರು, ಹೊನ್ನಾವರ

ಯಾರನ್ನೂ ತಕ್ಷಣ ಇಳಿಸಬೇಡಿ. ಕರಗಿದ ಐಸಿನ ನೀರಿನಲ್ಲಿ ಉಳಿದ ಮೀನಿನ ಚೂರು ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ, ಹೆಚ್ಚಿದ್ದಾಗ ಮೂಗೇ ಸತ್ತು ಏನೂ ವಾಸನೆ ಬರುವುದಿಲ್ಲ. ವಾಸನೆಯಿಲ್ಲ ಎಂದು ಇಳಿದವರು ಅಲ್ಲೇ ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ಎಲ್ಲ ಮುಚ್ಚಳ ತೆರೆದು, ಗಾಳಿ ಬರುವ ಕಡೆ ನಿಂತು, ಮೇಲಿನಿಂದಲೇ ಹೋಸ್‌ನಲ್ಲಿ ನೀರು ಬಿಟ್ಟು ಪಂಪಿನಲ್ಲಿ ಹೊರಹಾಕಿ. ನೀರು ಕಲಕಿದಾಗ ಗ್ಯಾಸ್ ಮತ್ತಷ್ಟು ಏಳುತ್ತದೆ, ಆಗ ಮುಖ ಬಗ್ಗಿಸಬೇಡಿ. ಎರಡು ಮೂರು ಸಲ ಹೀಗೆ ತೊಳೆದು, ಬ್ಲೋವರ್ ಇಟ್ಟು ಹೊಸ ಗಾಳಿಯನ್ನು ತಳದವರೆಗೆ ಪೈಪಿನಲ್ಲಿ ಒಂದು ಗಂಟೆಯಾದರೂ ತಳ್ಳಿ. ಗ್ಯಾಸ್ ಮೀಟರ್ ಇಲ್ಲದೆ ಒಳಗೆ ಕಾಲಿಡುವ ಕೆಲಸವನ್ನು ಮುಂದೂಡುವುದೇ ಸರಿ. ಮೀಟರ್ ಇದ್ದರೂ ಇಳಿಯುವವನ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು. ಕೋವಿಡ್‌ಗೆಂದು ಕಟ್ಟಿದ ಬಟ್ಟೆಯ ಮಾಸ್ಕ್ ಈ ಗ್ಯಾಸನ್ನು ತಡೆಯುವುದಿಲ್ಲ.

ದಕ್ಕೆಯಿಂದ ಕರೆಂಟ್ ಲೈನ್ ಎಳೆದು ಸ್ಟೀಲ್ ಬೋಟಿನ ಚಾರ್ಜರ್ ಸದಾ ಹಾಕಿಟ್ಟಿದ್ದೇವೆ. ತೊಂದರೆಯುಂಟೇ?
— ಓದುಗರು, ಕಾರವಾರ

ಉಂಟು. ಅರ್ತ್ ಸರಿಯಿಲ್ಲದ ಲೈನಿನಿಂದ ಬೋಟಿನ ಒಡಲಿಗೆ ಕರೆಂಟ್ ಸೋರಿದರೆ ಹತ್ತುವವರಿಗೆ ಶಾಕ್. ಡಿಸಿ ವೈರಿನಿಂದ ಸೋರಿದರೆ ವರ್ಷ ಬಾಳಬೇಕಾದ ಜಿಂಕ್ ಆನೋಡ್ (ಬೋಟಿನ ಉಕ್ಕಿನ ಬದಲು ತಾನು ಕರಗುವ ಸತುವಿನ ತುಂಡು) ಕೆಲವೇ ವಾರದಲ್ಲಿ ಕರಗಿ, ಮುಂದಿನ ಸರದಿ ಬೋಟಿನ ಉಕ್ಕಿನ ಪ್ಲೇಟಿನದು. ವಾರಕ್ಕೊಮ್ಮೆ, ಕಾವಲಿನವರು ಎದುರಿಗಿರುವಾಗ ಏಳೆಂಟು ಗಂಟೆ ಚಾರ್ಜ್ ಮಾಡಿ ಪ್ಲಗ್ ಕಳಚಿ. ಲೈನಿಗೆ 30 ಮಿಲಿಆಂಪಿಯರಿನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ವೈರಿನ ಜೋಡಣೆ ನೀರಿನ ಮೇಲೆ ತೂಗದೆ ದಕ್ಕೆಯ ಮೇಲಿರಲಿ. ಬೋಟಿನಲ್ಲಿ ಅಡುಗೆ ಮಾಡುವವರಿದ್ದರೆ ಗ್ಯಾಸ್ ಸಿಲಿಂಡರ್ ಡೆಕ್ಕಿನ ಮೇಲೆ, ರಾತ್ರಿ ರೆಗ್ಯುಲೇಟರ್ ಬಂದ್. ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರ, ಹರಿದು ಬಿಲ್ಜ್‌ನಲ್ಲಿ ಕೂರುತ್ತದೆ, ಪಂಪಿನ ಸ್ವಿಚ್ಚಿನ ಒಂದು ಕಿಡಿ ಸಾಕು. ಒಂದಕ್ಕೊಂದು ಕಟ್ಟಿದ ಸಾಲಿನಲ್ಲಿ ಒಂದು ಬೋಟಿಗೆ ಬೆಂಕಿ ಹತ್ತಿದರೆ ಅದನ್ನು ಬಿಡಿಸಿ ದೂರ ತಳ್ಳಬೇಕು, ಗಂಟು ಬಿಚ್ಚಲು ಸಮಯವಿರುವುದಿಲ್ಲ. ಮುಂದೊಂದು ಹಿಂದೊಂದು ಹರಿತವಾದ ಕತ್ತಿ ಕೈಗೆ ಸಿಗುವಂತೆ ಕಟ್ಟಿಡಿ.