ಗ್ರಾಮಸಭೆಯಲ್ಲಿ ಯುದ್ಧದ ಮಾತು ಎತ್ತಬಹುದಾ?

ಓದುಗರ ಪ್ರಶ್ನೆ, ಅಕ್ಕನ ಉತ್ತರ
(ಉತ್ತರಿಸುವವರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಿವೃತ್ತ ಬ್ರಾಂಚ್ ಪೋಸ್ಟ್ ಮಾಸ್ಟರ್)

ಪ್ರಶ್ನೆ: ಅಕ್ಕಾ, ನಮ್ಮ ಯುವಕ ಸಂಘದವರು 'ಯುದ್ಧ ಬೇಡ' ಅಂತ ಬೋರ್ಡ್ ಹಿಡಿದು ಕುಂಬಳೆ ಪೇಟೆಯಲ್ಲಿ ನಿಂತೆವು. ಇರಾನ್ ಎಲ್ಲಿ, ಉಕ್ರೇನ್ ಎಲ್ಲಿ, ಕುಂಬಳೆ ಎಲ್ಲಿ ಅಂತ ಹಿರಿಯರು ನಕ್ಕರು. ಒಬ್ಬರಂತೂ 'ನೀವೇನು ಸೈನಿಕರ ವಿರುದ್ಧವಾ?' ಅಂತ ಕೇಳಿದರು. ಇದನ್ನು ವಾರ್ಡಿನ ಗ್ರಾಮಸಭೆಗೆ ತರಬಹುದಾ?
– ಪದವಿ ವಿದ್ಯಾರ್ಥಿ, ಕುಂಬಳೆ

ಉತ್ತರ: ತರಬಹುದು ತಮ್ಮಾ. ತರಬೇಕು ಅಂತಲೇ ನನ್ನ ಅಭಿಪ್ರಾಯ. ಆದರೆ ಬೋರ್ಡಿನಲ್ಲಿ ಬರೆದದ್ದನ್ನೇ ಅಲ್ಲಿಯೂ ಓದಬೇಡಿ. ವಿಶ್ವಶಾಂತಿ ಅಂದರೆ ಎಲ್ಲರೂ ತಲೆಯಾಡಿಸಿ, ಮರುಕ್ಷಣ ಬೀದಿ ದೀಪದ ವಿಷಯಕ್ಕೆ ಹೋಗುತ್ತಾರೆ. ನಮ್ಮ ವಾರ್ಡಿನ ಯಾವ ಯಾವ ಮನೆಗೆ ಯುದ್ಧದಿಂದ ಏನೇನು ನಷ್ಟವಾಗಿದೆ ಅಂತ ಕೇಳಿ ಬರೆದುಕೊಳ್ಳಿ. ಅದನ್ನು ಓದಿ.

ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ಕುವೈತಿನಿಂದ ಶುರು ಮಾಡಿ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಆಗ ನಾನು ನಮ್ಮೂರಿನ ಬ್ರಾಂಚ್ ಆಫೀಸಿನಲ್ಲಿದ್ದೆ. ಕುವೈತಿನ ಸ್ಟ್ಯಾಂಪ್ ಇದ್ದ ಪತ್ರ ಬರುವುದೇ ನಿಂತಿತು. ಟಪ್ಪಾಲು ಚೀಲ ಬಿಚ್ಚುವ ಹೊತ್ತಿಗೆ ಹೆಂಗಸರು ಬಂದು ನಿಲ್ಲುತ್ತಿದ್ದರು. ಮಲಯಾಳ, ತುಳು, ಬ್ಯಾರಿ, ಕನ್ನಡ, ಎಲ್ಲ ಭಾಷೆಯಲ್ಲಿಯೂ ಕೇಳುತ್ತಿದ್ದದ್ದು ಒಂದೇ: 'ಉಂಟಾ?' ನಾನು ಇಲ್ಲ ಅನ್ನಬೇಕು. ಕೆಲವರಿಗೆ ಇಲ್ಲ ಅನ್ನಲು ಬಾಯಿ ಬಾರದೆ ಚೀಲವನ್ನು ಇನ್ನೊಮ್ಮೆ ಅವರ ಎದುರೇ ಕೊಡವಿದ್ದೇನೆ.

ಹಣದ ಡ್ರಾಫ್ಟ್ ಬರುವುದೂ ನಿಂತಿತು. ಕಟ್ಟುತ್ತಿದ್ದ ಮನೆಗಳು ಲಿಂಟೆಲ್ ಮಟ್ಟಕ್ಕೆ ನಿಂತವು. ನಿಶ್ಚಯವಾದ ಮದುವೆಗಳು ಮುಂದೆ ಹೋದವು. ಅಂಗಡಿಯ ಸಾಲದ ಪುಸ್ತಕ ದಪ್ಪವಾಯಿತು. ಅಲ್ಲಿದ್ದವರ ಕೈಯ ಕುವೈತ್ ದಿನಾರಿಗೆ ಬೆಲೆಯೇ ಇಲ್ಲದಾಯಿತು. ಅವರನ್ನು ಊರಿಗೆ ತಲುಪಿಸಿದ ಕತೆ ನಿಮ್ಮ ವಯಸ್ಸಿನವರಿಗೆ ಗೊತ್ತಿರಲಿಕ್ಕಿಲ್ಲ. ಕುವೈತಿನಲ್ಲಿದ್ದ ಭಾರತೀಯರೇ ಸಮಿತಿ ಮಾಡಿಕೊಂಡರು. 'ಟೊಯೋಟಾ ಸನ್ನಿ' ಅಂತಲೇ ಹೆಸರಾದ ಮಾತುಣ್ಣಿ ಮ್ಯಾಥ್ಯೂಸ್ ಅದರಲ್ಲಿ ಮುಂದೆ ನಿಂತ ಒಬ್ಬರು. ಊಟ, ತಂಗುವ ಜಾಗ, ಬಸ್ಸು ಎಲ್ಲವನ್ನೂ ಹೊಂದಿಸಿ, ಇರಾಕಿನ ಮೇಲಿಂದ ಮರುಭೂಮಿ ದಾಟಿಸಿ ಜೋರ್ಡಾನಿನ ಅಮ್ಮಾನಿಗೆ ಜನರನ್ನು ಮುಟ್ಟಿಸಿದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಮುಂಬಯಿಗೆ ತಂದವು. ಎಲ್ಲ ಸೇರಿ ಊರಿಗೆ ಮರಳಿದವರು ಸುಮಾರು 1,70,000 ಜನ. ಆಗಿನ ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಬಾಗ್ದಾದಿಗೇ ಹೋಗಿ ಸದ್ದಾಂ ಹುಸೇನರನ್ನು ಕಂಡು ಬಂದಿದ್ದರು.

ಈ ಕತೆಗೆ ಇನ್ನೊಂದು ಭಾಗ ಉಂಟು. ನನ್ನ ಮನಸ್ಸನ್ನು ಹೆಚ್ಚು ಕೊರೆದದ್ದು ಅದು. ಯುದ್ಧ ಮುಗಿದ ಮೇಲೆ, 1991ರಲ್ಲಿ, ವಿಶ್ವಸಂಸ್ಥೆ ಜಿನೀವಾದಲ್ಲಿ ಒಂದು ಪರಿಹಾರ ಆಯೋಗ ಮಾಡಿತು. ಕುವೈತ್ ಬಿಟ್ಟು ಓಡಿ ಬಂದವರು ತಮ್ಮ ತಮ್ಮ ಸರಕಾರದ ಮೂಲಕ ಅರ್ಜಿ ಹಾಕಬಹುದಿತ್ತು. ಊರು ಬಿಟ್ಟ ಕಷ್ಟಕ್ಕೆ ಅಂತ ಒಬ್ಬರಿಗೆ 2,500ರಿಂದ 4,000 ಡಾಲರ್. ಆ ಅರ್ಜಿಗಳನ್ನು ತುಂಬಿಸಲು ನಮ್ಮ ಆಫೀಸಿನ ಜಗಲಿಯಲ್ಲಿ ನಾನೂ ಕೂತಿದ್ದೆ. ವರ್ಷಗಳ ನಂತರ ಹಣ ಬಂತು. ಎಷ್ಟೋ ಮನೆಗೆ ಮಾಡು ಬಂದದ್ದು ಆ ಹಣದಿಂದ. ಆದರೆ ಆ ಹಣ ಎಲ್ಲಿಯದು? ಇರಾಕಿನ ಎಣ್ಣೆ ಮಾರಿದ್ದರಲ್ಲಿ ನೂರಕ್ಕೆ 30 ಪಾಲನ್ನು ಮೊದಮೊದಲು ಈ ಪರಿಹಾರಕ್ಕೆ ತೆಗೆದಿಡುತ್ತಿದ್ದರು. ವಿಶ್ವಸಂಸ್ಥೆ ಇರಾಕಿನ ಮೇಲೆ ಹಾಕಿದ ವ್ಯಾಪಾರ ನಿರ್ಬಂಧದಿಂದಾಗಿ ಅಲ್ಲಿ ಮಕ್ಕಳಿಗೆ ಔಷಧಿ ಇಲ್ಲದ ಕಾಲ ಅದು. ಇರಾಕ್ ಒಟ್ಟು 5,240 ಕೋಟಿ ಡಾಲರ್ ಕೊಟ್ಟು ತೀರಿಸಿದ್ದು 2022ರ ಜನವರಿಯಲ್ಲಿ. ಯುದ್ಧ ಮಾಡೋಣ ಅಂತ ಹೇಳಿದವರು ಅದನ್ನು ತಮ್ಮ ಕಿಸೆಯಿಂದ ಕೊಡಲಿಲ್ಲ. ಅಲ್ಲಿಯ ಬಡವರ ಪಾಲಿನಿಂದ ಇಲ್ಲಿಯ ಬಡವರಿಗೆ ಬಂತು. ನಮ್ಮವರು ತೆಗೆದುಕೊಂಡದ್ದು ತಪ್ಪಲ್ಲ, ಅವರ ಬೆವರಿನ ಹಣವೇ ಅಲ್ಲಿ ಹೋಗಿತ್ತು. ಆದರೂ ಲೆಕ್ಕ ಬರೆಯುವಾಗ ಇದನ್ನೂ ಬರೆಯಿರಿ.

ಹಾಗಾಗಿ ಮನೆಗಳಿಗೆ ಹೋಗಿ. ಕುಟುಂಬಶ್ರೀಯ ಅಯಲ್‌ಕೂಟದ, ಅಂದರೆ ನೆರೆಕರೆಯ ಮಹಿಳಾ ಸಂಘದ, ಹೆಂಗಸರನ್ನು ಜೊತೆಗೆ ಕರೆದುಕೊಳ್ಳಿ. ಯಾರ ಮನೆಯಲ್ಲಿ ಯಾರು ಗಲ್ಫಿನಲ್ಲಿದ್ದಾರೆ ಅಂತ ಅವರಿಗೆ ಗೊತ್ತಿರುವಷ್ಟು ಪಂಚಾಯತಿನ ಯಾವ ಫೈಲಿಗೂ ಗೊತ್ತಿಲ್ಲ. ಕುವೈತಿನಿಂದ ಬಂದವರು, 2015ರಲ್ಲಿ ಯೆಮನಿನಿಂದ ಬಂದವರು, ಉಕ್ರೇನಿನಲ್ಲಿ ಓದು ಅರ್ಧಕ್ಕೆ ಬಿಟ್ಟವರು ಇದ್ದರೆ ಕೇಳಿ. 2025ರ ಜೂನ್ 23ರಂದು ಇರಾನಿನ ಕ್ಷಿಪಣಿಗಳು ಕತಾರಿನ ಅಮೆರಿಕನ್ ನೆಲೆಯ ಮೇಲೆ ಬಿದ್ದಾಗ ಕೊಲ್ಲಿಯ ಆಕಾಶವನ್ನೇ ಮುಚ್ಚಿದರು. ಆ ರಾತ್ರಿ ಯಾರು ಏರ್‌ಪೋರ್ಟಿನಲ್ಲಿ ಕುಳಿತರು, ಯಾರ ಟಿಕೆಟ್ ಹಣ ಹೋಯಿತು, ಅದನ್ನೂ ಕೇಳಿ. ಹೆಸರು ಬೇಡ ಅಂದವರ ಹೆಸರು ಬರೆಯಬೇಡಿ. ಅಳುವವರ ಮುಂದೆ ಪೆನ್ನು ಕೆಳಗಿಡಿ.

ಇದು ನಾನು ಹೊಸದಾಗಿ ಕಂಡುಹಿಡಿದ ದಾರಿ ಏನಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನ ನಾರ್ತಾಂಪ್ಟನ್ ಎಂಬ ಸಣ್ಣ ಪೇಟೆಯಲ್ಲಿ 1983ರಲ್ಲಿ ಶುರುವಾದ ನ್ಯಾಷನಲ್ ಪ್ರಯಾರಿಟೀಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಇದೇ ಕೆಲಸ ಮಾಡಿತು. ನಿಮ್ಮ ಊರಿನ ತೆರಿಗೆಯಿಂದ ಯುದ್ಧಕ್ಕೆ ಇಷ್ಟು ಹೋಯಿತು, ಆ ಹಣದಲ್ಲಿ ಇಷ್ಟು ಮಂದಿ ಟೀಚರುಗಳಿಗೆ ಸಂಬಳ ಕೊಡಬಹುದಿತ್ತು ಅಂತ ಊರೂರಿಗೂ ಲೆಕ್ಕ ಕೊಟ್ಟಿತು. ಇರಾಕ್ ಯುದ್ಧಕ್ಕೆ ಮೊದಲು, 2003ರ ಜನವರಿಯಲ್ಲಿ, ಷಿಕಾಗೋ ನಗರಸಭೆ 46 ಮತಗಳಿಗೆ 1 ಮತದಂತೆ ಯುದ್ಧದ ವಿರುದ್ಧ ನಿರ್ಣಯ ಮಾಡಿತು. ನೂರಕ್ಕೂ ಹೆಚ್ಚು ಊರುಗಳು ಹೀಗೆ ಮಾಡಿದವು. ನಗರಸಭೆಗೆ ಯುದ್ಧ ನಿಲ್ಲಿಸುವ ಅಧಿಕಾರ ಎಲ್ಲಿದೆ? ನಮ್ಮ ಗ್ರಾಮಸಭೆಗೂ ಇಲ್ಲ. ಆದರೆ ಖರ್ಚು ಹೊತ್ತವರಿಗೆ ಬಾಯಿ ತೆರೆಯುವ ಹಕ್ಕಿದೆ. ಅಂತಾರಾಷ್ಟ್ರೀಯ ಶಾಂತಿಗಾಗಿ ಪ್ರಯತ್ನಿಸಬೇಕು ಅಂತ ನಮ್ಮ ಸಂವಿಧಾನದ 51ನೇ ವಿಧಿಯೇ ಸರಕಾರಕ್ಕೆ ಹೇಳುತ್ತದೆ. ನೀವು ಅದನ್ನು ನೆನಪಿಸುತ್ತೀರಿ, ಅಷ್ಟೆ.

ಕ್ರಮ ಹೇಳುತ್ತೇನೆ. ಕೇರಳದ ಕಾಯ್ದೆಯಲ್ಲಿ ಗ್ರಾಮಸಭೆ ವಾರ್ಡಿಗೊಂದು. ಅದನ್ನು ಕರೆಯುವವರು ವಾರ್ಡ್ ಮೆಂಬರ್. ಅವರಿಗೆ ಮೊದಲೇ ಬರಹದಲ್ಲಿ ಕೊಡಿ. ಮತದಾರರಲ್ಲಿ ನೂರಕ್ಕೆ 10 ಜನ ಬಂದಿರಬೇಕು, ಹಾಗಾಗಿ ಜನ ಕೂಡಿಸುವ ಕೆಲಸವೂ ನಿಮ್ಮದೇ. ನಿರ್ಣಯವನ್ನು ಕನ್ನಡದಲ್ಲಿ ಮತ್ತು ಮಲಯಾಳದಲ್ಲಿ ಬರೆಸಿ. ಕನ್ನಡ ಮಾತ್ರ ಇದ್ದರೆ ಅದು ಭಾಷೆಯ ಜಗಳವಾಗಿ, ವಿಷಯ ಮೂಲೆಗೆ ಬಿದ್ದೀತು.

ಇನ್ನು ಸೈನಿಕರ ಮಾತು. ಆ ಪ್ರಶ್ನೆ ಕೇಳಿದವರ ಮೇಲೆ ಸಿಟ್ಟು ಬೇಡ. ಅವರ ಮನೆಯಿಂದ ಯಾರಾದರೂ ಸೇನೆಯಲ್ಲಿ ಇರಬಹುದು. ಮೊದಲು ಸೈನಿಕರ ಮನೆಗೇ ಹೋಗಿ. ಕಾರ್ಗಿಲ್‌ನಲ್ಲಿ ನಮ್ಮ 527 ಸೈನಿಕರು ತೀರಿಹೋದರು. ಆ ಹೆಂಡತಿ ಮಕ್ಕಳಿಗೆ ಪ್ರತಿವರ್ಷದ ಹಾರವೊಂದೇ ಸಾಲದು, ಅವರ ಮಾತನ್ನೂ ಕೇಳಬೇಕು. ಅಮೆರಿಕದಲ್ಲಿ 2002ರಲ್ಲಿ ಯುದ್ಧದ ವಿರುದ್ಧ ಸೈನಿಕರ ಮನೆಯವರೇ ಒಂದು ಸಂಘಟನೆ ಕಟ್ಟಿದರು. 2004ರ ಜನವರಿಯಲ್ಲಿ ಷಿಕಾಗೋದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರ ಸೇವಾ ಸಂಸ್ಥೆ, ಇರಾಕಿನಲ್ಲಿ ಸತ್ತ ಒಬ್ಬೊಬ್ಬ ಅಮೆರಿಕನ್ ಸೈನಿಕನಿಗೆ ಒಂದು ಜೊತೆಯಂತೆ, 504 ಜೊತೆ ಬೂಟುಗಳನ್ನು ಸಾಲಾಗಿ ಇಟ್ಟಿತು. ಇರಾಕಿನ ಸಾಮಾನ್ಯ ಜನರ ಚಪ್ಪಲಿ, ಮಕ್ಕಳ ಬೂಟುಗಳನ್ನೂ ಇಟ್ಟರು. ಆ ಪ್ರದರ್ಶನ ಊರಿಂದೂರಿಗೆ ಹೋಯಿತು, ಬೂಟುಗಳ ಸಂಖ್ಯೆ ಏರುತ್ತಲೇ ಹೋಯಿತು. ಅದನ್ನು ನೋಡಿದವರಲ್ಲಿ ಯಾರು ಸೈನಿಕರ ಶತ್ರು ಅನ್ನಲು ಸಾಧ್ಯ?

ಪ್ರಶ್ನೆ: 2003ರಲ್ಲಿ ಲೋಕವಿಡೀ ಮೆರವಣಿಗೆ ಮಾಡಿತು. ಇರಾಕ್ ಯುದ್ಧ ನಿಂತಿತಾ? ಇದೆಲ್ಲ ಸುಮ್ನೆ ಹೊತ್ತು ಕಳೆಯುವ ಕೆಲಸ ಅಲ್ವಾ?
– ಅಡಿಕೆ ಬೆಳೆಗಾರ, ಪೆರ್ಲ

ಉತ್ತರ: ನಿಲ್ಲಲಿಲ್ಲ ಅಣ್ಣ. ಫೆಬ್ರವರಿ 15ರಂದು ಲಕ್ಷಗಟ್ಟಲೆ ಜನ ಬೀದಿಗಿಳಿದರು. ಮಾರ್ಚ್ 20ಕ್ಕೆ ಯುದ್ಧ ಶುರುವಾಯಿತು. ಅದು ಸೋಲೇ.

ಆದರೆ ನಮ್ಮ ದೇಶದಲ್ಲಿ ಆಮೇಲೆ ಏನಾಯಿತು ಅಂತ ನೆನಪಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಲೋಕಸಭೆ ಆ ಯುದ್ಧದ ವಿರುದ್ಧ ನಿರ್ಣಯ ಮಾಡಿತು. ಅಮೆರಿಕ ನಮ್ಮ ಸೈನ್ಯವನ್ನು ಇರಾಕಿಗೆ ಕಳಿಸಿ ಅಂತ ಕೇಳಿತ್ತು. ಒಂದು ಇಡೀ ಡಿವಿಷನ್, ಅಂದರೆ ಹದಿನೈದು ಸಾವಿರಕ್ಕೂ ಹೆಚ್ಚು ಮಂದಿ. ಕಳಿಸಬೇಕು ಅನ್ನುವವರು ದಿಲ್ಲಿಯಲ್ಲಿ ಕಡಿಮೆ ಇರಲಿಲ್ಲ. ವಿರೋಧವೂ ಜೋರಿತ್ತು. ಜುಲೈ 14ರಂದು ವಾಜಪೇಯಿ ಸರಕಾರ ಕಳಿಸುವುದಿಲ್ಲ ಅಂದಿತು. ಆ ಒಂದು 'ಇಲ್ಲ'ದಿಂದ ಎಷ್ಟು ಮನೆಗಳಲ್ಲಿ ಮಕ್ಕಳು ಉಳಿದರು! ಬದುಕಿದ್ದವರ ಪಟ್ಟಿಯನ್ನು ಯಾರೂ ಪ್ರಕಟಿಸುವುದಿಲ್ಲ. ಹಾಗಾಗಿ ಇಂಥ ಗೆಲುವು ಕಣ್ಣಿಗೆ ಬೀಳುವುದಿಲ್ಲ. ನನಗೆ ಇದು ದೊಡ್ಡ ಗೆಲುವು.

ನಿಮ್ಮ ತೋಟದ ಮಾತಿಗೇ ಬನ್ನಿ. ಅಡಿಕೆಗೆ ಪೊಟ್ಯಾಷ್ ಹಾಕುತ್ತೀರಿ ಅಲ್ವಾ? ನಮ್ಮ ದೇಶಕ್ಕೆ ಅದು ಪೂರ್ತಿ ಹೊರಗಿನಿಂದಲೇ ಬರಬೇಕು. ರಷ್ಯಾ, ಬೆಲಾರುಸ್ ಅದರ ದೊಡ್ಡ ಉತ್ಪಾದಕರು. ನಿರ್ಬಂಧ, ಮೇಲಿಂದ ಉಕ್ರೇನ್ ಯುದ್ಧ. 2022ರಲ್ಲಿ 50 ಕಿಲೋದ ಮೂಟೆಗೆ 1,700 ರೂಪಾಯಿ ಆಯಿತು. ಆ ವರ್ಷದ ಗೊಬ್ಬರದ ಚೀಟಿ ಮನೆಯಲ್ಲಿದ್ದರೆ ತೆಗೆದಿಡಿ. ನಿಮ್ಮ ವಾರ್ಡಿನ ಹುಡುಗರು ಕೇಳಿಕೊಂಡು ಬಂದರೆ ಕೊಡಿ.

ಪ್ರಶ್ನೆ: ಮಗ ಮರ್ಚೆಂಟ್ ನೇವಿಯಲ್ಲಿದ್ದಾನೆ. ಹಡಗು ಕೆಂಪು ಸಮುದ್ರದ ಕಡೆ ಹೋಗುತ್ತದೆ ಅಂದರೆ ನನಗೆ ನಿದ್ದೆ ಬರುವುದಿಲ್ಲ. ಅವನು ಹೋಗಲ್ಲ ಅನ್ನಬಹುದಾ? ಕೆಲಸ ಹೋಗುತ್ತದಾ?
– ಒಬ್ಬ ತಾಯಿ, ಬೇಕಲ

ಉತ್ತರ: ತಂಗೀ, ನಿಮ್ಮ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 2023ರ ನವೆಂಬರಿನಿಂದ ಅಲ್ಲಿ ಯೆಮನಿನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದರು. 2024ರ ಏಪ್ರಿಲ್ 13ರಂದು ಹೋರ್ಮುಜ್ ಜಲಸಂಧಿಯ ಹತ್ತಿರ ಇರಾನ್ ಹಿಡಿದ 'ಎಂ.ಎಸ್.ಸಿ. ಏರೀಸ್' ಹಡಗಿನಲ್ಲಿ 17 ಮಂದಿ ಭಾರತೀಯರಿದ್ದರು. ಬೇಕಲ, ಉದುಮ, ಕೋಟಿಕುಳಂ ಕಡೆ ಹಡಗಿನಲ್ಲಿ ದುಡಿಯುವವರ ಮನೆಗಳು ಎಷ್ಟು ಅಂತ ನಿಮಗೇ ಗೊತ್ತು.

ಹೋಗಲ್ಲ ಅನ್ನಬಹುದು, ಆದರೆ ಒಪ್ಪಂದ ನೋಡಬೇಕು. ಹಡಗು ಕಾರ್ಮಿಕರ ಅಂತಾರಾಷ್ಟ್ರೀಯ ಒಕ್ಕೂಟ, ಅಂದರೆ ಐ.ಟಿ.ಎಫ್., ಮತ್ತು ಕಂಪನಿಗಳು ಕೂಡಿ ಕೆಲವು ಜಾಗಗಳನ್ನು ಯುದ್ಧದ ವಲಯ ಅಂತ ಗುರುತಿಸುತ್ತವೆ. ಆ ಒಪ್ಪಂದದ ಹಡಗಾದರೆ ಅಂಥ ಜಾಗಕ್ಕೆ ಹೋಗಲ್ಲ ಅನ್ನುವ ಹಕ್ಕು ಮಗನಿಗಿದೆ. ಕಂಪನಿ ತನ್ನ ಖರ್ಚಿನಲ್ಲಿ ಅವನನ್ನು ಊರಿಗೆ ಕಳಿಸಬೇಕು. ಹೋಗುತ್ತೇನೆ ಅಂದವರಿಗೆ ಜಾಸ್ತಿ ಸಂಬಳ, ಏನಾದರೂ ಆದರೆ ಪರಿಹಾರ ಎರಡು ಪಟ್ಟು. ಯಾವ ಯಾವ ಜಾಗ ಪಟ್ಟಿಯಲ್ಲಿದೆ ಅನ್ನುವುದು ಆಗಾಗ ಬದಲಾಗುತ್ತದೆ, ಹೊರಡುವ ಮೊದಲು ಕೇಳಲೇಬೇಕು. ಮುಂಬಯಿಯ ನುಸಿ ಎಂಬ ಹಡಗು ಕಾರ್ಮಿಕರ ಯೂನಿಯನ್ ಐ.ಟಿ.ಎಫ್.ಗೆ ಸೇರಿದ್ದು, ಮಗ ಮೆಂಬರಾಗಿದ್ದರೆ ಅಲ್ಲಿ ವಿಚಾರಿಸಲಿ.

ಈಗಲೇ ಒಂದು ಕೆಲಸ ಮಾಡಿ. ಮಗನ ಕರಾರು ಪತ್ರದ ಒಂದು ಪ್ರತಿ, ಸಿ.ಡಿ.ಸಿ. (ನಾವಿಕನ ಗುರುತಿನ ಪುಸ್ತಕ) ನಂಬರ್, ಹಡಗಿನ ಹೆಸರು ಮತ್ತು ಹಡಗನ್ನು ಗುರುತಿಸುವ ಐ.ಎಂ.ಒ. ನಂಬರ್, ಅವನನ್ನು ಕೆಲಸಕ್ಕೆ ಕಳಿಸಿದ ಏಜೆನ್ಸಿಯ ಆರ್.ಪಿ.ಎಸ್.ಎಲ್. (ನಾವಿಕರನ್ನು ಕೆಲಸಕ್ಕೆ ಸೇರಿಸಲು ಸರಕಾರ ಕೊಡುವ) ಲೈಸೆನ್ಸ್ ನಂಬರ್, ಇಷ್ಟನ್ನು ಮನೆಯಲ್ಲಿ ಒಂದೇ ಕಡೆ ಇಡಿ. ಲೈಸೆನ್ಸ್ ಇಲ್ಲದ ಏಜೆಂಟನ ಮೂಲಕ ಮುಂದಿನ ಸಲ ಹೊರಡುತ್ತೇನೆ ಅಂದರೆ ಒಪ್ಪಬೇಡಿ, ಎಷ್ಟು ಸಂಬಳ ಹೇಳಿದರೂ.